ಬಾಹ್ಯಾಕಾಶದಲ್ಲಿ ರೋಬಾಟ್‌ಗಳ ಬಳಕೆ

ಬಾಹ್ಯಾಕಾಶ ರೋಬಾಟ್ ಎಂದರೆ ಭೂಮಿಯ ವಾತಾವರಣದ ಆಚೆ, ಮನುಷ್ಯನು ತಲುಪಲಾಗದ ಅಥವಾ ತಲುಪಿದರೂ ಬಹುಕಾಲ ನಿಲ್ಲಲಾಗದ ಸ್ಥಳಗಳಲ್ಲಿ, ಅವನ ಪರವಾಗಿ ನೋಡುವ, ಚಲಿಸುವ, ಹಿಡಿಯುವ ಮತ್ತು ಅಳೆಯುವ ಯಂತ್ರ. ಚಂದ್ರ ಹಾಗೂ ಮಂಗಳದ ನೆಲದ ಮೇಲೆ ಓಡಾಡುವ ರೋವರ್‌ಗಳು, ಬಾಹ್ಯಾಕಾಶ ನಿಲ್ದಾಣಗಳ ಯಾಂತ್ರಿಕ ತೋಳುಗಳು, ತಾವಾಗಿಯೇ ಒಂದನ್ನೊಂದು ಸಮೀಪಿಸಿ ಕೂಡಿಕೊಳ್ಳುವ ಉಪಗ್ರಹಗಳು, ಇಂಧನ ಮುಗಿಯುತ್ತಿರುವ ಉಪಗ್ರಹಕ್ಕೆ ಊರುಗೋಲಾಗಿ ನಿಲ್ಲುವ ಸೇವಾನೌಕೆಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳ ಕೆಲಸವನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು: ದೂರದ ಆಕಾಶಕಾಯಗಳ ಅನ್ವೇಷಣೆ ಮತ್ತು ಭೂಕಕ್ಷೆಯಲ್ಲಿರುವ ನೌಕೆಗಳ ನಿರ್ವಹಣೆ.

ಭಾರತದಲ್ಲಿ ಈ ಕ್ಷೇತ್ರದ ಕೆಲಸವನ್ನು ಮುಖ್ಯವಾಗಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ) ನಡೆಸುತ್ತಿದೆ. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಚಲಿಸಿದ ಪ್ರಜ್ಞಾನ್ ರೋವರ್, 2025ರ ಜನವರಿಯಲ್ಲಿ ಕಕ್ಷೆಯಲ್ಲಿ ಕೂಡಿಕೊಂಡ ಸ್ಪೇಡೆಕ್ಸ್ ಉಪಗ್ರಹಗಳು ಮತ್ತು ಅದೇ ತಿಂಗಳು ಕೆಲಸ ಮಾಡಿದ ಚಲಿಸುವ ಯಾಂತ್ರಿಕ ತೋಳು ಇದರ ಪ್ರಮುಖ ಘಟ್ಟಗಳು. ಈ ಕಾರ್ಯಗಳ ದೊಡ್ಡ ಪಾಲು ಕರ್ನಾಟಕದ ಬೆಂಗಳೂರು, ಬ್ಯಾಲಾಳು, ಹಾಸನ ಮತ್ತು ಚಳ್ಳಕೆರೆಗಳಲ್ಲಿರುವ ಕೇಂದ್ರಗಳಲ್ಲಿ ನಡೆದಿದೆ.

ಪದದ ಅರ್ಥ

'ರೋಬಾಟ್' ಎಂಬ ಪದವು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದಿಂದ ಪ್ರಚಾರಕ್ಕೆ ಬಂದಿತು. ಚೆಕ್ ಭಾಷೆಯ 'ರೊಬೊಟ' ಎಂಬ ಮೂಲಪದಕ್ಕೆ ಬಿಟ್ಟಿ ದುಡಿಮೆ ಎಂಬ ಅರ್ಥವಿದೆ. ಕನ್ನಡದಲ್ಲಿ 'ಯಂತ್ರಮಾನವ' ಎಂಬ ಪದ ಬಳಕೆಯಲ್ಲಿದ್ದರೂ ಬಾಹ್ಯಾಕಾಶದಲ್ಲಿ ದುಡಿಯುವ ಬಹುತೇಕ ರೋಬಾಟ್‌ಗಳಿಗೆ ಮಾನವಾಕೃತಿ ಇರುವುದಿಲ್ಲ. ಅವು ಆರು ಚಕ್ರದ ಬಂಡಿಯಾಗಿರಬಹುದು, ಕೀಲುಗಳುಳ್ಳ ಉದ್ದನೆಯ ತೋಳಾಗಿರಬಹುದು ಅಥವಾ ಮೇಲುನೋಟಕ್ಕೆ ಸಾಧಾರಣ ಉಪಗ್ರಹದಂತೆಯೇ ಇರಬಹುದು. ಸುತ್ತಲಿನ ಸ್ಥಿತಿಯನ್ನು ಸಂವೇದಕಗಳಿಂದ ಅರಿತು, ಅದಕ್ಕೆ ತಕ್ಕಂತೆ ತನ್ನ ಚಲನೆಯನ್ನು ತಿದ್ದಿಕೊಳ್ಳುವ ಸಾಮರ್ಥ್ಯವೇ ಯಂತ್ರವನ್ನು ರೋಬಾಟ್ ಆಗಿಸುತ್ತದೆ.

ಅಗತ್ಯ

ಉಪಗ್ರಹವೊಂದು ಉಡಾವಣಾ ವಾಹನದಿಂದ ಬೇರ್ಪಟ್ಟ ಮೇಲೆ ಅದನ್ನು ಯಾರೂ ಮುಟ್ಟಲಾರರು. ಭೂಮಿಯ ಮೇಲಾದರೆ ಒಂದು ಸಣ್ಣ ಸಲಾಕೆಯಿಂದ ಬಿಡಿಸಬಹುದಾದ ತೊಡಕು ಅಲ್ಲಿ ಇಡೀ ಯೋಜನೆಯನ್ನೇ ನಿಷ್ಫಲಗೊಳಿಸಬಲ್ಲುದು. ಭಾರತದ ಅನುಭವದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆಗಳಿವೆ.

ಕೊಡಗಿನ ಉತ್ತರಕ್ಕಿರುವ ಹಾಸನದಲ್ಲಿ 1982ರಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಕಾರ್ಯಾರಂಭ ಮಾಡಿತು. ಭೂಸ್ಥಿರ ಕಕ್ಷೆಯಲ್ಲಿರುವ ಸಂಪರ್ಕ ಉಪಗ್ರಹಗಳನ್ನು ನಿಯಂತ್ರಿಸುವುದು ಅದರ ಕರ್ತವ್ಯ. ಅದು ನಿರ್ವಹಿಸಬೇಕಾಗಿದ್ದ ಮೊದಲ ಉಪಗ್ರಹ ಇನ್ಸಾಟ್-1ಎ, 1982ರ ಏಪ್ರಿಲ್ 10ರಂದು ಅಮೆರಿಕದಿಂದ ಉಡಾವಣೆಯಾಯಿತು. ಸೂರ್ಯನ ಬೆಳಕಿನ ಒತ್ತಡವನ್ನು ಸರಿದೂಗಿಸಲು ಅದಕ್ಕೆ ಜೋಡಿಸಿದ್ದ ಸೌರಪಟವು ಕಕ್ಷೆಯಲ್ಲಿ ಬಿಚ್ಚಿಕೊಳ್ಳಲಿಲ್ಲ. ಏಳು ವರ್ಷ ಬಾಳಬೇಕಾಗಿದ್ದ ಉಪಗ್ರಹವು ತನ್ನ ನಿಲುವನ್ನು ಕಾಯ್ದುಕೊಳ್ಳುವ ಇಂಧನವೆಲ್ಲ ಬರಿದಾಗಿ ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಕೈಬಿಡಲ್ಪಟ್ಟಿತು. ಮರುವರ್ಷದ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೊರಟ ಇನ್ಸಾಟ್-1ಬಿ ಉಪಗ್ರಹದ ಸೌರಫಲಕವೂ ಮೊದಲಿಗೆ ಪೂರ್ಣವಾಗಿ ತೆರೆಯಲಿಲ್ಲ. ಸೆಪ್ಟೆಂಬರ್ ಮಧ್ಯಭಾಗದ ವೇಳೆಗೆ ಅದನ್ನು ಬಿಡಿಸುವುದು ಸಾಧ್ಯವಾಯಿತು. ದೇಶದಲ್ಲಿ ದೂರದರ್ಶನ ಪ್ರಸಾರದ ವಿಸ್ತರಣೆಗೆ ಈ ಎರಡನೆಯ ಉಪಗ್ರಹವೇ ಆಧಾರವಾಯಿತು.

ಇಂತಹ ನಷ್ಟಗಳು ಹಳೆಯ ಕಾಲಕ್ಕೆ ಸೀಮಿತವಲ್ಲ. 1997ರ ಜೂನ್‌ನಲ್ಲಿ ಉಡಾವಣೆಯಾದ ಇನ್ಸಾಟ್-2ಡಿ ವಿದ್ಯುತ್ ದೋಷದಿಂದಾಗಿ ಅದೇ ಅಕ್ಟೋಬರ್‌ನಲ್ಲಿ ನಿಷ್ಕ್ರಿಯವಾಯಿತು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. 2025ರ ಜನವರಿ 29ರಂದು ಶ್ರೀಹರಿಕೋಟದ 100ನೆಯ ಉಡಾವಣೆಯಲ್ಲಿ ಮೇಲೇರಿದ ಪಥದರ್ಶಕ ಉಪಗ್ರಹ ಎನ್‌ವಿಎಸ್-02ರ ಸೌರಫಲಕಗಳು ಸರಿಯಾಗಿಯೇ ತೆರೆದವು. ಆದರೆ ಕಕ್ಷೆಯನ್ನು ಏರಿಸುವ ಎಂಜಿನ್ನಿಗೆ ಆಕ್ಸಿಡೈಸರ್ ಹರಿಸುವ ಕವಾಟ ತೆರೆಯಲಿಲ್ಲ. ಉಳಿದೆಲ್ಲ ಭಾಗಗಳು ಸುಸ್ಥಿತಿಯಲ್ಲಿದ್ದರೂ ಉಪಗ್ರಹವು ಉದ್ದೇಶಿತ ಸ್ಥಾನವನ್ನು ಸೇರಲಿಲ್ಲ. ಕಕ್ಷೆಯಲ್ಲಿ ದುರಸ್ತಿ ಮಾಡಬಲ್ಲ ಯಂತ್ರಗಳನ್ನು ರೂಪಿಸುವ ಪ್ರಯತ್ನದ ಹಿಂದೆ ಇಂತಹ ಅನುಭವಗಳಿವೆ.

ಇತಿಹಾಸ

ಅನ್ವೇಷಕ ರೋಬಾಟ್‌ಗಳು: ಸೋವಿಯತ್ ಒಕ್ಕೂಟದ ಲೂನಾ-16 ನೌಕೆಯು 1970ರ ಸೆಪ್ಟೆಂಬರ್‌ನಲ್ಲಿ ಚಂದ್ರನ ನೆಲವನ್ನು ಕೊರೆದು, ಸುಮಾರು 100 ಗ್ರಾಂ ಮಣ್ಣನ್ನು ಮನುಷ್ಯರ ನೆರವಿಲ್ಲದೆ ಭೂಮಿಗೆ ತಂದಿತು. ಅದೇ ವರ್ಷದ ನವೆಂಬರ್ 17ರಂದು ಲೂನಾ-17 ಇಳಿಸಿದ ಲೂನೊಖೋದ್-1 ಮತ್ತೊಂದು ಆಕಾಶಕಾಯದ ಮೇಲೆ ಚಲಿಸಿದ ಮೊದಲ ರೋವರ್. ಭೂಮಿಯಿಂದಲೇ ಚಾಲಕರು ನಡೆಸುತ್ತಿದ್ದ ಈ ಬಂಡಿ ಸುಮಾರು ಹತ್ತು ತಿಂಗಳಲ್ಲಿ 10.5 ಕಿಲೋಮೀಟರ್ ಕ್ರಮಿಸಿತು. ಅಮೆರಿಕದ ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳದ ಮೇಲಿಳಿದು ಯಾಂತ್ರಿಕ ತೋಳಿನಿಂದ ಮಣ್ಣನ್ನೆತ್ತಿ ಪರೀಕ್ಷಿಸಿದವು. 1997ರ ಜುಲೈ 4ರಂದು ಮಂಗಳವನ್ನು ತಲುಪಿದ ಸೋಜರ್ನರ್ ಆ ಗ್ರಹದ ಮೇಲೆ ಚಲಿಸಿದ ಮೊದಲ ರೋವರ್. 2004ರಲ್ಲಿ 90 ದಿನಗಳ ಗುರಿಯೊಂದಿಗೆ ಇಳಿದ ಆಪರ್ಚುನಿಟಿ 2018ರವರೆಗೂ ದುಡಿದು 45 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿತು. 2021ರಲ್ಲಿ ಪರ್ಸಿವಿಯರೆನ್ಸ್ ರೋವರ್ ಜೊತೆ ಇಳಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಮಂಗಳದ ತೆಳುವಾದ ವಾತಾವರಣದಲ್ಲಿ 72 ಬಾರಿ ಹಾರಿತು.

ಕಕ್ಷೆಯಲ್ಲಿನ ರೋಬಾಟ್‌ಗಳು: ಕೆನಡಾ ನಿರ್ಮಿಸಿದ 'ಕೆನಡಾರ್ಮ್' ಎಂಬ ತೋಳನ್ನು 1981ರ ನವೆಂಬರ್‌ನಲ್ಲಿ ಕೊಲಂಬಿಯಾ ನೌಕೆಯ ಎರಡನೆಯ ಯಾನದಲ್ಲಿ ಮೊದಲು ಬಳಸಲಾಯಿತು. 1984ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆಯ ಯಾತ್ರಿಗಳು ಇಂತಹದೇ ತೋಳಿನಿಂದ ಕೆಟ್ಟುಹೋಗಿದ್ದ ಸೋಲಾರ್ ಮ್ಯಾಕ್ಸ್ ಉಪಗ್ರಹವನ್ನು ಹಿಡಿದು ದುರಸ್ತಿ ಮಾಡಿದರು. ಹಬಲ್ ದೂರದರ್ಶಕವನ್ನು 1993ರಿಂದ 2009ರವರೆಗೆ ಐದು ಯಾನಗಳಲ್ಲಿ ಸರಿಪಡಿಸಿದಾಗಲೂ ತೋಳು ಮತ್ತು ಯಾತ್ರಿ ಜೊತೆಗೂಡಿ ಕೆಲಸ ಮಾಡಿದರು. 2001ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಣೆಯಾದ ಕೆನಡಾರ್ಮ್-2 ಸುಮಾರು 17 ಮೀಟರ್ ಉದ್ದವಿದ್ದು, ತನ್ನ ಎರಡೂ ತುದಿಗಳನ್ನು ಒಂದಾದಮೇಲೊಂದರಂತೆ ಊರುತ್ತ ನಿಲ್ದಾಣದ ಮೇಲೆ ಜಾಗ ಬದಲಿಸುತ್ತದೆ.

ಮನುಷ್ಯರಿಲ್ಲದೆಯೇ ಇಂತಹ ಕೆಲಸ ಮಾಡುವ ಪ್ರಯೋಗವನ್ನು ಜಪಾನ್ 1997ರಲ್ಲಿ ಉಡಾಯಿಸಿದ ಇಟಿಎಸ್-7 ಉಪಗ್ರಹಜೋಡಿಯ ಮೂಲಕ ನಡೆಸಿತು. ಅಮೆರಿಕದ ಆರ್ಬಿಟಲ್ ಎಕ್ಸ್‌ಪ್ರೆಸ್ ಯೋಜನೆಯಲ್ಲಿ 2007ರಲ್ಲಿ ಒಂದು ನೌಕೆ ಇನ್ನೊಂದಕ್ಕೆ ಇಂಧನ ತುಂಬಿಸಿ, ಬ್ಯಾಟರಿಯನ್ನೂ ವರ್ಗಾಯಿಸಿತು.

ಕಾರ್ಯವಿಧಾನ ಮತ್ತು ತೊಡಕುಗಳು

ಸಂಕೇತದ ವಿಳಂಬ: ರೇಡಿಯೋ ಸಂಕೇತವು ಬೆಳಕಿನ ವೇಗದಲ್ಲಿ ಸಾಗಿದರೂ ಚಂದ್ರನನ್ನು ತಲುಪಲು ಸುಮಾರು 1.3 ಸೆಕೆಂಡು ಬೇಕು. ಮಂಗಳಕ್ಕಾದರೆ ಗ್ರಹಗಳ ಸ್ಥಾನಕ್ಕನುಗುಣವಾಗಿ 3ರಿಂದ 22 ನಿಮಿಷ ಬೇಕಾಗುತ್ತದೆ. ಚಂದ್ರನ ಮೇಲಿನ ರೋವರನ್ನು ಭೂಮಿಯಿಂದ ನಿಧಾನವಾಗಿ ನಡೆಸಬಹುದು. ಮಂಗಳದ ರೋವರನ್ನು ಹಾಗೆ ನಡೆಸಲಾಗದು. ಅಡೆತಡೆ ಕಂಡಿತೆಂಬ ಸುದ್ದಿ ಇಲ್ಲಿಗೆ ಬಂದು ಉತ್ತರ ಅಲ್ಲಿಗೆ ತಲುಪುವಷ್ಟರಲ್ಲಿ ಅದು ಹಳ್ಳಕ್ಕೆ ಬಿದ್ದಿರುತ್ತದೆ. ಆದ್ದರಿಂದ ದೂರ ಹೆಚ್ಚಿದಂತೆ ನಿರ್ಧಾರದ ಹೊಣೆಯನ್ನು ಯಂತ್ರಕ್ಕೇ ವಹಿಸಬೇಕಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಭಾರತದ ಮಂಗಳಯಾನ ನೌಕೆ ಕಕ್ಷೆ ಸೇರಿದಾಗ ಸಂಕೇತದ ವಿಳಂಬ 12 ನಿಮಿಷಕ್ಕೂ ಹೆಚ್ಚಿತ್ತು. ಎಂಜಿನ್ ಉರಿಸುವ ಆದೇಶಗಳನ್ನು ಮುಂಚಿತವಾಗಿಯೇ ನೌಕೆಯ ಗಣಕದಲ್ಲಿ ತುಂಬಿಸಲಾಗಿತ್ತು.

ಕ್ರಿಯೆ ಮತ್ತು ಪ್ರತಿಕ್ರಿಯೆ: ನೆಲದ ಮೇಲಿನ ಯಂತ್ರದ ತೋಳು ಚಲಿಸಿದಾಗ ಅದರ ಬುಡ ಅಲುಗದಂತೆ ಭೂಮಿ ಹಿಡಿದಿರುತ್ತದೆ. ಕಕ್ಷೆಯಲ್ಲಿ ಅಂತಹ ಆಸರೆಯಿಲ್ಲ. ತೋಳು ಒಂದು ಕಡೆಗೆ ತಿರುಗಿದರೆ ನ್ಯೂಟನ್ನನ ಮೂರನೆಯ ನಿಯಮದಂತೆ ಉಪಗ್ರಹದ ದೇಹ ಇನ್ನೊಂದು ಕಡೆಗೆ ತಿರುಗುತ್ತದೆ. ತೇಲುವ ದೋಣಿಯಲ್ಲಿ ನಿಂತು ದಡದ ವಸ್ತುವನ್ನು ಎಳೆಯಹೋದರೆ ದೋಣಿಯೇ ಸರಿಯುವಂತೆ ಇದು. ಹೀಗಾಗಿ ತೋಳಿನ ಪ್ರತಿ ಚಲನೆಯೊಂದಿಗೆ ಉಪಗ್ರಹದ ನಿಲುವನ್ನೂ ಲೆಕ್ಕಹಾಕಿ ತಿದ್ದಬೇಕಾಗುತ್ತದೆ.

ಪರಿಸರ: ನಿರ್ವಾತದಲ್ಲಿ ಸಾಮಾನ್ಯ ಎಣ್ಣೆ, ಗ್ರೀಸುಗಳು ಆವಿಯಾಗುತ್ತವೆ. ಉಜ್ಜುವ ಲೋಹದ ಮೈಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ವಿಕಿರಣವು ವಿದ್ಯುನ್ಮಾನ ಭಾಗಗಳನ್ನು ಕೆಡಿಸುತ್ತದೆ. ಭೂಮಿಯ ಲೆಕ್ಕದಲ್ಲಿ ಸುಮಾರು ಹದಿನಾಲ್ಕು ದಿನಗಳಷ್ಟು ದೀರ್ಘವಾದ ಚಂದ್ರನ ರಾತ್ರಿಯ ಕಡುಚಳಿಯನ್ನು ತಡೆದುಕೊಳ್ಳುವುದು ಸೌರಶಕ್ತಿಯನ್ನೇ ನಂಬಿದ ಯಂತ್ರಗಳಿಗೆ ಬಹಳ ಕಷ್ಟ.

ಭಾರತದ ಸಾಧನೆಗಳು

ವಿಕ್ರಮ್ ಮತ್ತು ಪ್ರಜ್ಞಾನ್

ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 2019ರ ಸೆಪ್ಟೆಂಬರ್ 7ರಂದು ಇಳಿಯುವ ಕೊನೆಯ ಹಂತದಲ್ಲಿ ಸಂಪರ್ಕ ಕಡಿದುಕೊಂಡು ಚಂದ್ರನ ನೆಲಕ್ಕೆ ಅಪ್ಪಳಿಸಿತು. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚಿನ ನೂಕುಬಲ ನೀಡಿದ್ದರಿಂದ ದೋಷಗಳು ಒಂದರ ಮೇಲೊಂದು ಸೇರಿಕೊಂಡವು. ಅವನ್ನು ತಿದ್ದಿಕೊಳ್ಳಲು ಯಂತ್ರಕ್ಕೆ ಕೊಟ್ಟಿದ್ದ ಅವಕಾಶ ಸಾಲಲಿಲ್ಲ. ಚಂದ್ರಯಾನ-3ರಲ್ಲಿ ಏನೇನು ತಪ್ಪಾಗಬಹುದು ಎಂಬುದನ್ನು ಮೊದಲೇ ಊಹಿಸಿ, ಹಾಗಾದರೂ ಇಳಿಯುವಂತೆ ನೌಕೆಯನ್ನು ರೂಪಿಸಲಾಯಿತು. ಇಳಿಯಬೇಕಾದ ಪ್ರದೇಶವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಲಾಯಿತು.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದತ್ತ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. 30 ಕಿಲೋಮೀಟರ್ ಎತ್ತರದಿಂದ ಆರಂಭವಾದ ಸುಮಾರು 19 ನಿಮಿಷಗಳ ಇಳಿತದಲ್ಲಿ ವೇಗವನ್ನು ತಗ್ಗಿಸುವುದು, ನೆಟ್ಟಗಾಗುವುದು, ಬಂಡೆ ಮತ್ತು ಗುಂಡಿಗಳಿಲ್ಲದ ಜಾಗವನ್ನು ಆರಿಸುವುದು ಎಲ್ಲವನ್ನೂ ನೌಕೆಯೇ ನಿರ್ಧರಿಸಿತು. ಆ ಅವಧಿಯಲ್ಲಿ ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿದ್ದವರು ಪರದೆಯ ಮೇಲಿನ ಅಂಕಿಗಳನ್ನು ನೋಡುವ ಪ್ರೇಕ್ಷಕರಾಗಿದ್ದರು.

ವಿಕ್ರಮ್‌ನ ಇಳಿಜಾರು ಹಲಗೆಯ ಮೂಲಕ ಹೊರಬಂದ ಪ್ರಜ್ಞಾನ್ 26 ಕಿಲೋಗ್ರಾಂ ತೂಕದ, ಆರು ಚಕ್ರಗಳ ರೋವರ್. ಅದರ ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಅದರ ಎರಡು ಕ್ಯಾಮೆರಾಗಳು ತೆಗೆದ ಚಿತ್ರಗಳಿಂದ ಭೂಮಿಯಲ್ಲಿ ಮುಂದಿನ ನೆಲದ ಏರಿಳಿತದ ನಕ್ಷೆಯನ್ನು ಸಿದ್ಧಪಡಿಸಿ, ಒಂದು ಸಲಕ್ಕೆ ಹೆಚ್ಚೆಂದರೆ 5 ಮೀಟರ್ ಸಾಗುವಂತೆ ಆದೇಶ ನೀಡಲಾಗುತ್ತಿತ್ತು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ 4 ಮೀಟರ್ ಅಗಲದ ಗುಂಡಿ ಎದುರಾದಾಗ ಅದನ್ನು ಹಿಂತಿರುಗಿಸಿ ಬೇರೆ ದಾರಿಯಲ್ಲಿ ನಡೆಸಲಾಯಿತು. ಸೆಪ್ಟೆಂಬರ್ 2ರಂದು ನಿದ್ರಾಸ್ಥಿತಿಗೆ ಕಳುಹಿಸುವ ವೇಳೆಗೆ ಅದು ಸುಮಾರು 100 ಮೀಟರ್ ಕ್ರಮಿಸಿತ್ತು.

ದೂರ ಸಣ್ಣದಾದರೂ ಫಲಿತಾಂಶ ದೊಡ್ಡದು. ಲೇಸರ್ ಕಿರಣದಿಂದ ಮಣ್ಣನ್ನು ಕ್ಷಣಮಾತ್ರ ಕಾಯಿಸಿ, ಹೊಮ್ಮುವ ಬೆಳಕಿನಿಂದ ಮೂಲವಸ್ತುಗಳನ್ನು ಗುರುತಿಸುವ ಉಪಕರಣ ಆ ಪ್ರದೇಶದಲ್ಲಿ ಗಂಧಕ ಇರುವುದನ್ನು ದೃಢಪಡಿಸಿತು. ಆಲ್ಫಾ ಕಣಗಳನ್ನು ಬಳಸುವ ಇನ್ನೊಂದು ಉಪಕರಣ 23 ಕಡೆಗಳಲ್ಲಿ ಮಣ್ಣಿನ ರಚನೆಯನ್ನು ಅಳೆಯಿತು. ಸೆಪ್ಟೆಂಬರ್ 3ರಂದು ವಿಕ್ರಮ್ ತನ್ನ ಎಂಜಿನ್‌ಗಳನ್ನು ಮತ್ತೆ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕದಲ್ಲಿ ಇಳಿಯಿತು. ಚಂದ್ರನಿಂದ ಮಾದರಿಗಳನ್ನು ಮರಳಿ ತರುವ ಮುಂದಿನ ಯೋಜನೆಗಳಿಗೆ ಈ ಪುಟ್ಟ ನೆಗೆತ ಮುಖ್ಯವಾಗಿದೆ. ಚಂದ್ರನ ರಾತ್ರಿ ಕಳೆದ ಮೇಲೆ ಎರಡೂ ಯಂತ್ರಗಳನ್ನು ಎಚ್ಚರಿಸುವ ಪ್ರಯತ್ನ ನಡೆಯಿತಾದರೂ ಅವು ಉತ್ತರಿಸಲಿಲ್ಲ.

ಸ್ಪೇಡೆಕ್ಸ್

ಕಕ್ಷೆಯಲ್ಲಿ ಯಾವುದೇ ದುರಸ್ತಿಗೆ ಮೊದಲ ಮೆಟ್ಟಿಲು ಕೆಟ್ಟ ನೌಕೆಯ ಬಳಿಗೆ ಡಿಕ್ಕಿಯಿಲ್ಲದೆ ತಲುಪುವುದು. ಈ ಕೌಶಲವನ್ನು ಪರೀಕ್ಷಿಸಲು ಇಸ್ರೋ 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ವಾಹನದಲ್ಲಿ ತಲಾ ಸುಮಾರು 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳನ್ನು 475 ಕಿಲೋಮೀಟರ್ ಎತ್ತರದ ಕಕ್ಷೆಗೆ ಕಳುಹಿಸಿತು. ಎರಡೂ ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದರೂ ಕೂಡುವ ಕ್ಷಣದಲ್ಲಿ ಅವುಗಳ ಪರಸ್ಪರ ವೇಗ ಸೆಕೆಂಡಿಗೆ ಸುಮಾರು 10 ಮಿಲಿಮೀಟರ್ ಮಾತ್ರ ಇರಬೇಕಾಗಿತ್ತು.

ಜನವರಿ 7 ಮತ್ತು 9ಕ್ಕೆ ನಿಗದಿಯಾಗಿದ್ದ ಪ್ರಯತ್ನಗಳನ್ನು ಮುಂದೂಡಲಾಯಿತು. ಜನವರಿ 12ರಂದು ಉಪಗ್ರಹಗಳನ್ನು 3 ಮೀಟರ್ ಅಂತರದವರೆಗೆ ತಂದು, ಮಾಹಿತಿಯನ್ನು ಪರಿಶೀಲಿಸಲು ಮತ್ತೆ ದೂರ ಸರಿಸಲಾಯಿತು. ಜನವರಿ 16ರಂದು ಜೋಡಣೆ ಯಶಸ್ವಿಯಾಗಿ, ಅಮೆರಿಕ, ರಷ್ಯಾ ಮತ್ತು ಚೀನಾಗಳ ನಂತರ ಈ ಸಾಮರ್ಥ್ಯ ಪಡೆದ ನಾಲ್ಕನೆಯ ದೇಶ ಭಾರತವಾಯಿತು. ಮಾರ್ಚ್ 13ರಂದು ಅವನ್ನು ಬೇರ್ಪಡಿಸಿ, ಏಪ್ರಿಲ್ 20ರಂದು ಎರಡನೆಯ ಬಾರಿ ಜೋಡಿಸಲಾಯಿತು. ಮೊದಲ ಸಲ 3 ಮೀಟರ್ ದೂರದಲ್ಲಿ ಮನುಷ್ಯರ ಅನುಮತಿಗಾಗಿ ನಿಲ್ಲಿಸಿದ್ದರೆ, ಎರಡನೆಯ ಸಲ 15 ಮೀಟರ್ ದೂರದಿಂದ ಕೊನೆಯವರೆಗೆ ಉಪಗ್ರಹಗಳೇ ಎಲ್ಲವನ್ನೂ ನಡೆಸಿದವು. ಮರುದಿನ ಒಂದು ಉಪಗ್ರಹ ಇನ್ನೊಂದರಲ್ಲಿದ್ದ ಹೀಟರಿಗೆ ವಿದ್ಯುತ್ ಒದಗಿಸಿತು.

ಪೋಯೆಮ್-4 ಮತ್ತು ಚಲಿಸುವ ತೋಳು

ಪಿಎಸ್‌ಎಲ್‌ವಿ ವಾಹನದ ನಾಲ್ಕನೆಯ ಹಂತವು ಉಪಗ್ರಹಗಳನ್ನು ಬಿಟ್ಟ ಮೇಲೆ ಸಾಮಾನ್ಯವಾಗಿ ಕಕ್ಷೆಯಲ್ಲಿ ಕಸವಾಗಿ ಉಳಿಯುತ್ತಿತ್ತು. ಅದನ್ನೇ ಪ್ರಯೋಗಗಳ ವೇದಿಕೆಯಾಗಿಸುವ ವ್ಯವಸ್ಥೆಗೆ 'ಪೋಯೆಮ್' ಎಂದು ಹೆಸರು. ಸ್ಪೇಡೆಕ್ಸ್ ಒಯ್ದ ವಾಹನದ ನಾಲ್ಕನೆಯ ಹಂತದಲ್ಲಿ 24 ಉಪಕರಣಗಳಿದ್ದವು. ಅವುಗಳಲ್ಲಿ ತಿರುವನಂತಪುರದ ಇಸ್ರೋ ಜಡತ್ವ ವ್ಯವಸ್ಥೆಗಳ ಘಟಕ ನಿರ್ಮಿಸಿದ ಏಳು ಕೀಲುಗಳ ಯಾಂತ್ರಿಕ ತೋಳೂ ಒಂದು. ದೇಹವನ್ನು ಕಮಾನಿನಂತೆ ಬಾಗಿಸಿ ಅಳೆಯುತ್ತ ಸಾಗುವ ಹುಳುವಿನಂತೆ, ಒಂದು ತುದಿಯನ್ನು ಊರಿ ಮತ್ತೊಂದನ್ನು ಮುಂದಿಟ್ಟು ನಡೆಯುವಂತೆ ಅದನ್ನು ರೂಪಿಸಲಾಗಿತ್ತು. 2025ರ ಜನವರಿ ಮೊದಲ ವಾರದಲ್ಲಿ ಅದು ಕೆಲಸ ಆರಂಭಿಸಿ, ಕಕ್ಷೆಯಲ್ಲಿ ದುಡಿದ ಭಾರತದ ಮೊದಲ ಯಾಂತ್ರಿಕ ತೋಳೆನಿಸಿತು. ತೇಲುವ ತ್ಯಾಜ್ಯವನ್ನು ಹಿಡಿಯುವ ವಿಧಾನವನ್ನು ಪರೀಕ್ಷಿಸಲು ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಇನ್ನೊಂದು ತೋಳನ್ನೂ ಒಯ್ಯಲಾಗಿತ್ತು. ಅದೇ ವೇದಿಕೆಯ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಅಲಸಂದೆ ಬೀಜಗಳು ನಾಲ್ಕೇ ದಿನಗಳಲ್ಲಿ ಮೊಳೆತವು. ಪೋಯೆಮ್-4 ತನ್ನ ಕೆಲಸ ಮುಗಿಸಿ 2025ರ ಏಪ್ರಿಲ್ 4ರಂದು ಹಿಂದೂ ಮಹಾಸಾಗರದ ಮೇಲೆ ವಾತಾವರಣವನ್ನು ಪ್ರವೇಶಿಸಿತು.

ವ್ಯೋಮಮಿತ್ರ

ಗಗನಯಾನ ಯೋಜನೆಯ ಮಾನವರಹಿತ ಯಾನಕ್ಕಾಗಿ ಸಿದ್ಧಪಡಿಸಿದ ಅರೆಮಾನವಾಕೃತಿಯ ರೋಬಾಟ್ ವ್ಯೋಮಮಿತ್ರ. 2020ರ ಜನವರಿ 22ರಂದು ಬೆಂಗಳೂರಿನಲ್ಲಿ ಇದನ್ನು ಮೊದಲು ಪ್ರದರ್ಶಿಸಲಾಯಿತು. ಕ್ಯಾಬಿನ್ನಿನ ಒಳಗಿನ ಸ್ಥಿತಿಯನ್ನು ಗಮನಿಸುವುದು, ಎಚ್ಚರಿಕೆ ನೀಡುವುದು ಮತ್ತು ಫಲಕದ ಗುಂಡಿಗಳನ್ನು ಒತ್ತುವುದು ಇದಕ್ಕೆ ವಹಿಸಿರುವ ಕೆಲಸಗಳು. ಮನುಷ್ಯರನ್ನು ಕಳುಹಿಸುವ ಮೊದಲು ನೌಕೆ ಅವರಿಗೆ ಸುರಕ್ಷಿತವೇ ಎಂಬುದನ್ನು ಯಂತ್ರದ ಮೂಲಕ ಖಚಿತಪಡಿಸಿಕೊಳ್ಳುವುದು ಇದರ ಉದ್ದೇಶ.

ಕರ್ನಾಟಕದ ಕೇಂದ್ರಗಳು

ಬೆಂಗಳೂರು: ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ, ಉಡುಪಿ ಜಿಲ್ಲೆಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ನಿರ್ಮಿಸಲಾಯಿತು. ಅದು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಉಡಾವಣೆಯಾಯಿತು. ಆ ತಂಡದಿಂದ ಬೆಳೆದ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಚಂದ್ರಯಾನ ನೌಕೆಗಳು ಮತ್ತು ಸ್ಪೇಡೆಕ್ಸ್ ಉಪಗ್ರಹಗಳು ರೂಪುಗೊಂಡದ್ದು ಈ ಕೇಂದ್ರದ ಹೊಣೆಯಲ್ಲಿ. ಪ್ರಜ್ಞಾನ್‌ನ ಲೇಸರ್ ಉಪಕರಣ ನಗರದ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯದ ಕೊಡುಗೆ. ಯಾನಗಳ ನಿಯಂತ್ರಣವನ್ನು ನಗರದಲ್ಲಿಯೇ ಇರುವ ಇಸ್ರೋದ ದೂರಮಾಪನ ಮತ್ತು ಆದೇಶ ಜಾಲ ಕೇಂದ್ರ, ಅಂದರೆ ಇಸ್ಟ್ರಾಕ್, ನಡೆಸುತ್ತದೆ.

ಬ್ಯಾಲಾಳು: ಬೆಂಗಳೂರಿನ ಹೊರವಲಯದ ಈ ಗ್ರಾಮದಲ್ಲಿ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಆಂಟೆನಾಗಳಿವೆ. ಚಂದ್ರಯಾನ-1ರ ಕಾಲದಲ್ಲಿ, 2008ರಲ್ಲಿ, ಇವು ಕಾರ್ಯಾರಂಭ ಮಾಡಿದವು. ಪ್ರಜ್ಞಾನ್ ಕಳುಹಿಸಿದ ಮಾಹಿತಿ ವಿಕ್ರಮ್ ಮೂಲಕ ಇಲ್ಲಿಗೆ ಬರುತ್ತಿತ್ತು.

ಚಳ್ಳಕೆರೆ: ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲ್ಮೈಯನ್ನು ಹೋಲುವ ಕೃತಕ ಗುಂಡಿಗಳನ್ನು ತೋಡಿ, ಲ್ಯಾಂಡರಿನ ಸಂವೇದಕಗಳನ್ನು ವಿಮಾನದಲ್ಲಿರಿಸಿ ಪರೀಕ್ಷಿಸಲಾಯಿತು. ಇಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿಯೇ ಮರುಬಳಕೆಯ ಉಡಾವಣಾ ವಾಹನದ ಮಾದರಿಯು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಹೆಲಿಕಾಪ್ಟರಿನಿಂದ ಬೇರ್ಪಟ್ಟು ತಾನಾಗಿಯೇ ಓಡುದಾರಿಗೆ ಬಂದಿಳಿಯಿತು.

ಖಾಸಗಿ ಪ್ರಯತ್ನ: ಬೆಂಗಳೂರಿನ ಟೀಮ್ ಇಂಡಸ್ ತಂಡವು ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಸ್ಪರ್ಧೆಗಾಗಿ ಲ್ಯಾಂಡರ್ ಮತ್ತು 'ಏಕ್ ಛೋಟೀ ಸೀ ಆಶಾ' ಎಂಬ ಪುಟ್ಟ ರೋವರನ್ನು ವಿನ್ಯಾಸಗೊಳಿಸಿತು. 2015ರಲ್ಲಿ ಇಳಿಯುವ ತಂತ್ರಜ್ಞಾನಕ್ಕಾಗಿ 10 ಲಕ್ಷ ಡಾಲರ್ ಬಹುಮಾನ ಪಡೆಯಿತು. ಯಾವ ತಂಡವೂ ಗಡುವಿನೊಳಗೆ ಚಂದ್ರನನ್ನು ತಲುಪದೆ ಸ್ಪರ್ಧೆ 2018ರ ಮಾರ್ಚ್ 31ರಂದು ಮುಕ್ತಾಯವಾಯಿತು.

ಕಕ್ಷೆಯಲ್ಲಿನ ನಿರ್ವಹಣೆ

ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುವ ಉಪಗ್ರಹವನ್ನು ಸೂರ್ಯ, ಚಂದ್ರರ ಆಕರ್ಷಣೆ ನಿರಂತರವಾಗಿ ಪಕ್ಕಕ್ಕೆ ಸರಿಸುತ್ತಿರುತ್ತದೆ. ಸ್ವಸ್ಥಾನದಲ್ಲಿ ನಿಲ್ಲಲು ಅದು ಆಗಾಗ ಸ್ವಲ್ಪ ಇಂಧನ ಉರಿಸಬೇಕು. ಆದ್ದರಿಂದ ವಿದ್ಯುನ್ಮಾನ ಉಪಕರಣಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಇಂಧನ ಮುಗಿದೊಡನೆ ಉಪಗ್ರಹದ ಸೇವೆ ಕೊನೆಗೊಳ್ಳುತ್ತದೆ. ಹೀಗೆ ನಿವೃತ್ತವಾಗುವ ಉಪಗ್ರಹಗಳ ಆಯಸ್ಸನ್ನು ಹೆಚ್ಚಿಸುವುದು ಸೇವಾನೌಕೆಗಳ ಮುಖ್ಯ ಉದ್ದೇಶ.

ಅಮೆರಿಕದ ಎಂಇವಿ-1 ನೌಕೆ 2020ರ ಫೆಬ್ರವರಿ 25ರಂದು ಇಂಟೆಲ್‌ಸ್ಯಾಟ್-901 ಎಂಬ ಹಳೆಯ ಉಪಗ್ರಹಕ್ಕೆ ಜೋಡಿಕೊಂಡಿತು. 2001ರಲ್ಲಿ ಹಾರಿದ ಆ ಉಪಗ್ರಹದಲ್ಲಿ ಹಿಡಿಯುವುದಕ್ಕೆಂದೇ ಮಾಡಿದ ಯಾವ ಹಿಡಿಕೆಯೂ ಇರಲಿಲ್ಲ. ಅದರ ಎಂಜಿನ್ನಿನ ಕೊಳವೆಯೊಳಗೆ ಒಂದು ಸಲಾಕೆಯನ್ನು ತೂರಿಸಿ ಒಳಗೆ ಅಗಲಿಸಿ ಭದ್ರಪಡಿಸಲಾಯಿತು. ಆ ಬಳಿಕ ಎರಡನ್ನೂ ಸ್ಥಾನದಲ್ಲಿ ನಿಲ್ಲಿಸುವ ಕೆಲಸವನ್ನು ಹೊಸ ನೌಕೆಯೇ ವಹಿಸಿಕೊಂಡಿತು. ಎರಡು ವಾಣಿಜ್ಯ ನೌಕೆಗಳು ಕಕ್ಷೆಯಲ್ಲಿ ಹೀಗೆ ಕೂಡಿದ್ದು ಇದೇ ಮೊದಲು. 2021ರ ಏಪ್ರಿಲ್‌ನಲ್ಲಿ ಎಂಇವಿ-2 ಇನ್ನೊಂದು ಉಪಗ್ರಹಕ್ಕೆ ಇದೇ ಸೇವೆಯನ್ನು ಆರಂಭಿಸಿತು.

ಬಾಹ್ಯಾಕಾಶ ತ್ಯಾಜ್ಯ

ನಿಷ್ಕ್ರಿಯ ಉಪಗ್ರಹಗಳು, ರಾಕೆಟ್ ಭಾಗಗಳು ಮತ್ತು ಅವುಗಳ ಚೂರುಗಳು ಭೂಕಕ್ಷೆಯಲ್ಲಿ ಸುತ್ತುತ್ತಿವೆ. 2009ರ ಫೆಬ್ರವರಿ 10ರಂದು ರಷ್ಯಾದ ನಿಷ್ಕ್ರಿಯ ಕಾಸ್ಮೋಸ್-2251 ಮತ್ತು ಕಾರ್ಯನಿರತ ಇರಿಡಿಯಂ-33 ಉಪಗ್ರಹಗಳು ಡಿಕ್ಕಿ ಹೊಡೆದು ಸಾವಿರಾರು ಚೂರುಗಳಾದವು. ಒಂದು ಡಿಕ್ಕಿಯ ಚೂರುಗಳು ಮತ್ತೊಂದು ಡಿಕ್ಕಿಗೆ ಕಾರಣವಾಗುವ ಅಪಾಯವಿದೆ.

ಬೆಂಗಳೂರಿನಲ್ಲಿ 2022ರ ಜುಲೈನಲ್ಲಿ ಉದ್ಘಾಟನೆಯಾದ ಇಸ್ರೋದ ಸುರಕ್ಷಿತ ಬಾಹ್ಯಾಕಾಶ ಕಾರ್ಯಾಚರಣೆ ಕೇಂದ್ರ ಇಂತಹ ಅಪಾಯಗಳನ್ನು ಲೆಕ್ಕಹಾಕಿ ಎಚ್ಚರಿಸುತ್ತದೆ. 2022ರ ಜನವರಿಯಲ್ಲಿ ಇನ್ಸಾಟ್-4ಬಿ ಉಪಗ್ರಹವನ್ನು ಉಳಿದ ಇಂಧನದಿಂದ ಭೂಸ್ಥಿರ ಕಕ್ಷೆಗಿಂತ ಮೇಲಕ್ಕೆ ಸರಿಸಲಾಯಿತು. 2023ರ ಮಾರ್ಚ್ 7ರಂದು ಮೇಘಾ-ಟ್ರಾಪಿಕ್ಸ್-1 ಉಪಗ್ರಹವನ್ನು ನಿಯಂತ್ರಿತವಾಗಿ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಗುವಂತೆ ಇಳಿಸಲಾಯಿತು. 2030ರ ವೇಳೆಗೆ ತನ್ನ ಯಾನಗಳೆಲ್ಲ ತ್ಯಾಜ್ಯಮುಕ್ತವಾಗಿರಬೇಕೆಂಬ ಗುರಿಯನ್ನು ಭಾರತ 2024ರಲ್ಲಿ ಪ್ರಕಟಿಸಿದೆ. ಈ ಕ್ರಮಗಳು ಇನ್ನೂ ಆದೇಶ ಪಾಲಿಸಬಲ್ಲ ಉಪಗ್ರಹಗಳಿಗೆ ಮಾತ್ರ ಅನ್ವಯಿಸುತ್ತವೆ. ಸಂಪರ್ಕವಿಲ್ಲದೆ ಉರುಳಾಡುತ್ತಿರುವ ನೌಕೆಯನ್ನು ತೆಗೆಯಲು ಇನ್ನೊಂದು ಯಂತ್ರವೇ ಹೋಗಬೇಕು. ಚೀನಾದ ಶಿಜಿಯಾನ್-21 ಇಂತಹ ಒಂದು ಉಪಗ್ರಹವನ್ನು 2022ರಲ್ಲಿ ಎಳೆದೊಯ್ದಿತು. ಜಪಾನಿನ ಆಡ್ರಾಸ್-ಜೆ 2024ರಲ್ಲಿ ಹಳೆಯ ರಾಕೆಟ್ ಭಾಗವೊಂದನ್ನು ಹತ್ತಿರದಿಂದ ಪರಿಶೀಲಿಸಿತು.

ಮಿತಿಗಳು ಮತ್ತು ಚರ್ಚೆಗಳು

ವೇಗ: 1972ರ ಡಿಸೆಂಬರ್‌ನಲ್ಲಿ ಅಪೋಲೋ-17ರ ಇಬ್ಬರು ಯಾತ್ರಿಗಳು ವಾಹನದಲ್ಲಿ ಮೂರೇ ದಿನಗಳಲ್ಲಿ ಚಂದ್ರನ ಮೇಲೆ ಸುಮಾರು 35 ಕಿಲೋಮೀಟರ್ ಸಂಚರಿಸಿ, 110 ಕಿಲೋಗ್ರಾಂ ಮಾದರಿಗಳನ್ನು ತಂದರು. ಲೂನೊಖೋದ್-1 ಅಥವಾ ಪ್ರಜ್ಞಾನ್ ಕ್ರಮಿಸಿದ ದೂರದೊಡನೆ ಹೋಲಿಸಿದರೆ ತರಬೇತಿ ಪಡೆದ ಮನುಷ್ಯನ ಕಣ್ಣು ಮತ್ತು ಕೈಗಳ ಸಾಮರ್ಥ್ಯ ತಿಳಿಯುತ್ತದೆ. ರೋಬಾಟ್‌ಗಳ ಹಿರಿಮೆ ಇರುವುದು ಕಡಿಮೆ ವೆಚ್ಚದಲ್ಲಿ, ಜೀವಾಪಾಯವಿಲ್ಲದೆ, ವರ್ಷಗಟ್ಟಲೆ ದುಡಿಯುವುದರಲ್ಲಿ.

ವಿನ್ಯಾಸ: ಈಗ ಕಕ್ಷೆಯಲ್ಲಿರುವ ಬಹುತೇಕ ಉಪಗ್ರಹಗಳನ್ನು ದುರಸ್ತಿಯ ಯೋಚನೆಯಿಲ್ಲದೆ ನಿರ್ಮಿಸಲಾಗಿದೆ. ಇಂಧನ ತುಂಬುವ ಬಾಯಿಗಳನ್ನು ಉಡಾವಣೆಗೆ ಮೊದಲೇ ಮುಚ್ಚಿ ಭದ್ರಪಡಿಸಲಾಗಿರುತ್ತದೆ. ಆಂತರಿಕ ಕವಾಟ ಅಥವಾ ತಂತಿಯ ದೋಷವನ್ನು ಹೊರಗಿನ ತೋಳು ಸರಿಪಡಿಸುವುದು ಇಂದಿಗೂ ಬಹಳ ಕಷ್ಟ. ಮುಂದಿನ ಉಪಗ್ರಹಗಳಲ್ಲಿ ಹಿಡಿಕೆ, ಗುರುತು ಮತ್ತು ತೆರೆಯಬಲ್ಲ ಬಾಯಿಗಳನ್ನು ಅಳವಡಿಸಿದರೆ ಮಾತ್ರ ಈ ಸೇವೆ ವ್ಯಾಪಕವಾಗಬಲ್ಲುದು.

ಕಾನೂನು: 1967ರ ಬಾಹ್ಯಾಕಾಶ ಒಪ್ಪಂದದಂತೆ ಕಕ್ಷೆಯಲ್ಲಿರುವ ವಸ್ತುವಿನ ಮೇಲಿನ ಅಧಿಕಾರ ಅದನ್ನು ನೋಂದಾಯಿಸಿದ ದೇಶಕ್ಕೇ ಸೇರಿದೆ. ಅದು ಕೆಟ್ಟು ಕಸವಾದರೂ ಆ ದೇಶದ ಒಪ್ಪಿಗೆಯಿಲ್ಲದೆ ಇತರರು ಮುಟ್ಟುವಂತಿಲ್ಲ. ದುರಸ್ತಿಗೆಂದು ಉಪಗ್ರಹವನ್ನು ಹಿಡಿಯಬಲ್ಲ ತೋಳು ಅದನ್ನು ಕೆಡಿಸಲೂ ಬಲ್ಲುದಾದ್ದರಿಂದ, ಈ ತಂತ್ರಜ್ಞಾನದ ಬಗ್ಗೆ ರಾಷ್ಟ್ರಗಳ ನಡುವೆ ಅನುಮಾನವೂ ಇದೆ.

ಮುಂದಿನ ಯೋಜನೆಗಳು

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಚಂದ್ರಯಾನ-4 ಯೋಜನೆಯು ಚಂದ್ರನ ಮಣ್ಣನ್ನು ಭೂಮಿಗೆ ತರುವ ಉದ್ದೇಶ ಹೊಂದಿದೆ. ಇದರ ಭಾಗಗಳನ್ನು ಎರಡು ಉಡಾವಣೆಗಳಲ್ಲಿ ಕಳುಹಿಸಿ ಕಕ್ಷೆಯಲ್ಲಿ ಜೋಡಿಸಬೇಕಾಗುತ್ತದೆ. ಮಣ್ಣನ್ನು ಎತ್ತಲು ಯಾಂತ್ರಿಕ ತೋಳು ಬೇಕಾಗುತ್ತದೆ. ಜಪಾನ್ ಸಹಯೋಗದ ಚಂದ್ರಯಾನ-5ರಲ್ಲಿ 250 ಕಿಲೋಗ್ರಾಂ ತೂಕದ ರೋವರ್ ಇರಲಿದೆ. 2035ರ ವೇಳೆಗೆ ಪೂರ್ಣಗೊಳಿಸಲು ಉದ್ದೇಶಿಸಿರುವ ಭಾರತೀಯ ಅಂತರಿಕ್ಷ ನಿಲ್ದಾಣದ ಜೋಡಣೆ ಹಾಗೂ ತಪಾಸಣೆಗೆ, ಪೋಯೆಮ್-4ರಲ್ಲಿ ಪರೀಕ್ಷಿಸಿದ ತೋಳಿನ ದೊಡ್ಡ ರೂಪಗಳು ಅಗತ್ಯವಾಗಲಿವೆ.